ನಗಿಸುವ ಗಂಟಲು, ನುಡಿಸುವ ಬೆರಳು

‘ಟೋಸ್ಟ್ ಆಫ್ ಲಂಡನ್’ ಬ್ರಿಟನ್ನಿನ ಚಾನೆಲ್ 4ರಲ್ಲಿ ಬಂದ ಹಾಸ್ಯ ಧಾರಾವಾಹಿ. ಅದರ ನಾಯಕ ಸ್ಟೀವನ್ ಟೋಸ್ಟ್ ನಡುವಯಸ್ಸಿನ ರಂಗನಟ. ತಾನು ಮಹಾನಟನೆಂದು ಅವನ ನಂಬಿಕೆ. ಅದನ್ನು ನಂಬಿ ಪಾತ್ರ ಕೊಡುವವರು ಮಾತ್ರ ಯಾರೂ ಇಲ್ಲ. ಹೊಟ್ಟೆಪಾಡಿಗೆ ಲಂಡನ್ನಿನ ಸೋಹೋದ ಸ್ಟುಡಿಯೊ ಒಂದರಲ್ಲಿ ಹೆಡ್‌ಫೋನ್ ಹಾಕಿಕೊಂಡು, ಗಾಜಿನಾಚೆಯ ಹುಡುಗರು ಹೇಳಿದ್ದನ್ನೆಲ್ಲ ಹಲ್ಲು ಕಚ್ಚಿಕೊಂಡು ಓದುತ್ತಾನೆ. ಇಂಥವನ ಕಥೆಗೆ ಕಚಗುಳಿ ಇಡುವ ಶೀರ್ಷಿಕೆ ಗೀತೆಯೇ ಇರುತ್ತದೆಂದು ಕಾಯುವವರಿಗೆ ಕೇಳಿಸುವುದು ‘ಟೇಕ್ ಮೈ ಹ್ಯಾಂಡ್’ ಎಂಬ ನಿಧಾನಗತಿಯ, ಹಳೆಯ ಕಾಲದ ಇಂಪಿನ ಹಾಡು. ಅದರಲ್ಲಿ ನಗುವಂಥದ್ದೇನೂ ಇಲ್ಲ. ಧಾರಾವಾಹಿಗೆಂದು ಅದನ್ನು ಬರೆದದ್ದೂ ಅಲ್ಲ. 2011ರಲ್ಲಿ ಆಸಿಡ್ ಜಾಝ್ ಲೇಬಲ್ ಹೊರತಂದ ‘ವಿಚ್‌ಹೇಝಲ್’ ಎಂಬ ಆಲ್ಬಮ್‌ನಲ್ಲಿ ಅದು ಆಗಲೇ ಇತ್ತು. ಹಾಡು ಬರೆದವರು, ಹಾಡಿದವರು, ಟೋಸ್ಟ್‌ನ ಪಾತ್ರ ಮಾಡಿದವರು ಎಲ್ಲ ಒಬ್ಬರೇ: ಮ್ಯಾಟ್ ಬೆರಿ.

ಬೆರಿ 1974ರಲ್ಲಿ ಬೆಡ್‌ಫರ್ಡ್‌ಶೈರಿನ ಬ್ರೊಮ್ಯಾಮ್‌ನಲ್ಲಿ ಹುಟ್ಟಿದವರು. ಓದಿದ್ದು ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದಲ್ಲಿ, ಸಮಕಾಲೀನ ಕಲೆಗಳನ್ನು. 2004ರ ‘ಗಾರ್ತ್ ಮರೆಂಗೀಸ್ ಡಾರ್ಕ್‌ಪ್ಲೇಸ್’ ಅವರ ದನಿಯನ್ನು ಜನರ ಕಿವಿಗೆ ಹಾಕಿತು. ‘ದಿ ಐಟಿ ಕ್ರೌಡ್’ನ ಎರಡನೆಯ ಸರಣಿಯಲ್ಲಿ ಅಪ್ಪನ ಕಂಪನಿಯನ್ನು ಪಡೆದು ಕುರ್ಚಿಯೇರುವ ಲಂಪಟ ಮಾಲೀಕ ಡಗ್ಲಸ್ ರೆನಮ್ ಆಗಿ ಬಂದ ಮೇಲೆ ಮುಖವೂ ಪರಿಚಿತವಾಯಿತು. ಟೋಸ್ಟ್ ಪಾತ್ರಕ್ಕೆ 2015ರಲ್ಲಿ ಬಾಫ್ಟಾ ಸಿಕ್ಕಿತು. 2019ರಿಂದ 2024ರವರೆಗೆ ಅಮೆರಿಕದ ‘ವಾಟ್ ವಿ ಡು ಇನ್ ದ ಶ್ಯಾಡೋಸ್’ನಲ್ಲಿ ಲ್ಯಾಸ್ಲೊ ಎಂಬ ರಸಿಕ ರಕ್ತಪಿಶಾಚಿ, ಆ ಪಾತ್ರ ಅವರನ್ನು ಎಮ್ಮಿ ನಾಮನಿರ್ದೇಶನದವರೆಗೂ ಒಯ್ದಿತು. ಇದೆಲ್ಲ ಒಂದು ಕಡೆ. ಇನ್ನೊಂದು ಕಡೆ, ಇದೇ ವರ್ಷಗಳಲ್ಲಿ ಒಂದರ ಹಿಂದೊಂದು ಆಲ್ಬಮ್‌ಗಳು. ‘ಕಿಲ್ ದ ವುಲ್ಫ್’ 2013ರಲ್ಲಿ, ‘ದ ಸ್ಮಾಲ್ ಅವರ್ಸ್’ 2016ರಲ್ಲಿ, ‘ಫ್ಯಾಂಟಮ್ ಬರ್ಡ್ಸ್’ 2020ರಲ್ಲಿ, ‘ದ ಬ್ಲೂ ಎಲಿಫೆಂಟ್’ ಅದರ ಮರುವರ್ಷ. ಬಿಡುವಿದ್ದಾಗ ಗಿಟಾರ್ ಮುಟ್ಟುವ ನಟನ ಪಟ್ಟಿ ಇದಲ್ಲ.

ಹಾಗಾದರೆ ಇವರನ್ನು ಸಂಗೀತಗಾರರೆಂದು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆ, ಅಥವಾ ಹೆಸರಾಂತ ನಟನ ಹವ್ಯಾಸವೆಂದು ಬೆನ್ನು ತಟ್ಟಿ ಸುಮ್ಮನಾಗಬೇಕೆ? ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ, ಆದರೆ ಸಮನಾಗಿ ಅಲ್ಲ.

ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಇರುವಂಥದು. ಟಿವಿಯಲ್ಲಿ ಕಾಣಿಸಿಕೊಂಡವನ ರೆಕಾರ್ಡಿಗೆ ಕೇಳುಗರು ಪುಕ್ಕಟೆ ಸಿಗುತ್ತಾರೆ. ಅಷ್ಟೇ ಚೆನ್ನಾಗಿ ಬಾರಿಸುವ ಹೆಸರಿಲ್ಲದವನಿಗೆ ಪಬ್ಬಿನ ಮೂಲೆಯೇ ಗತಿ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಒಪ್ಪಿಕೊಂಡವರು ಹ್ಯೂ ಲಾರಿ. ‘ಹೌಸ್’ ಎಂಬ ಟಿವಿ ಧಾರಾವಾಹಿಯ ಡಾಕ್ಟರಾಗಿ ಜಗತ್ತಿಗೆಲ್ಲ ಪರಿಚಿತರಾದ ಲಾರಿ 2011ರಲ್ಲಿ ‘ಲೆಟ್ ದೆಮ್ ಟಾಕ್’ ಎಂಬ ನ್ಯೂ ಆರ್ಲಿಯನ್ಸ್ ಬ್ಲೂಸ್ ಆಲ್ಬಮ್ ತಂದರು. ಅದರ ಜೊತೆಗಿನ ಟಿಪ್ಪಣಿಯಲ್ಲಿ ತಾವು ಅಲಬಾಮಾದಲ್ಲಿ ಹುಟ್ಟಿದವರಲ್ಲ, ನಟರು ನಟಿಸಬೇಕು, ಸಂಗೀತಗಾರರು ಸಂಗೀತ ಮಾಡಬೇಕು ಎಂಬ ಕಟ್ಟಳೆಯನ್ನು ಮುರಿದಿದ್ದೇನೆ ಎಂದು ತಾವೇ ಬರೆದುಕೊಂಡರು. ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಲಾರಿಯ ಪಿಯಾನೊ ನಿಜಕ್ಕೂ ಚೆನ್ನ. ಆದರೂ ಡಾಕ್ಟರ್ ಹೌಸ್ ಇಲ್ಲದೆ ಆ ಎರಡನೆಯ ಸ್ಥಾನ ಸಿಗುತ್ತಿತ್ತು ಎಂದು ವಾದಿಸುವ ಧೈರ್ಯ ನನಗಿಲ್ಲ.

ಬೆರಿಯ ವಿಷಯದಲ್ಲಿ ಈ ಆಕ್ಷೇಪ ಅಷ್ಟು ನೆಟ್ಟಗೆ ನಿಲ್ಲುವುದಿಲ್ಲ. ಲಾರಿ ಹಾಡಿದ್ದು ಬಹುಮಟ್ಟಿಗೆ ಹಳಬರ ಹಾಡುಗಳನ್ನು. ಬೆರಿ ಸ್ವಂತ ಹಾಡು ಕಟ್ಟುವವರು, ವಾದ್ಯಗಳನ್ನೂ ಹೆಚ್ಚುಪಾಲು ತಾವೇ ನುಡಿಸುವವರು. ‘ವಿಚ್‌ಹೇಝಲ್’ ಮೊದಲು 2009ರಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ಹಂಚಿದ ಆಲ್ಬಮ್. ಆಮೇಲೆ ಅದನ್ನು ಕೈಗೆತ್ತಿಕೊಂಡ ಆಸಿಡ್ ಜಾಝ್ 1987ರಲ್ಲಿ ಎಡ್ಡಿ ಪಿಲ್ಲರ್ ಮತ್ತು ಜೈಲ್ಸ್ ಪೀಟರ್‌ಸನ್ ಹುಟ್ಟುಹಾಕಿದ ಸ್ವತಂತ್ರ ಲೇಬಲ್. ಜಮಿರಾಕ್ವಾಯ್ ತಂಡದ ಮೊದಲ ಸಿಂಗಲ್ ಬಂದದ್ದು ಅಲ್ಲಿಂದಲೇ. ತಾರೆಯರ ಮುಖ ಮಾರುವ ಅಂಗಡಿ ಅದಲ್ಲ. ಒಂದು ನೆವದಲ್ಲಿ ಒಂದು ರೆಕಾರ್ಡು ಮಾರಬಹುದು. ಹದಿನೈದು ವರ್ಷ ಅದೇ ನೆವ ಸಾಗದು. ಟಿವಿಯ ಹೆಸರು ಬಾಗಿಲು ತೆರೆಯಿತೆಂದೇ ಇಟ್ಟುಕೊಳ್ಳೋಣ. ಒಳಗೆ ಬಂದವರು ಕೂತು ಕೇಳಿದ್ದಕ್ಕೆ ಬೇರೆ ಕಾರಣ ಬೇಕಲ್ಲ.

ಎರಡನೆಯ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ಬೆರಿಯ ಸಂಗೀತ ಎಷ್ಟೇ ಇಂಪಾಗಿರಲಿ, ಅದು ಯಾರದೋ ಕಾಲದ್ದು, ಯಾರದೋ ಧಾಟಿಯದು ಎಂಬ ದೂರು ಇದು.

ಈ ದೂರಿನ ಬೇರು ಅವರ ನಟನೆಯಲ್ಲೇ ಇದೆ. ಬೆರಿಯ ಹಾಸ್ಯವೆಲ್ಲ ಧಾಟಿಯ ಅನುಕರಣೆ. ‘ಡಾರ್ಕ್‌ಪ್ಲೇಸ್’ 1980ರ ದಶಕದ ಕಳಪೆ ಆಸ್ಪತ್ರೆ-ದೆವ್ವದ ಧಾರಾವಾಹಿಯೊಂದು ಈಗ ಸಿಕ್ಕಿದೆ ಎಂಬ ಸೋಗಿನಲ್ಲಿ ಮಾಡಿದ್ದು. ಅದರಲ್ಲಿ ಬೆರಿ ನಟ ಟಾಡ್ ರಿವರ್ಸ್‌ನ ಪಾತ್ರ ಮಾಡಬೇಕು, ಆ ರಿವರ್ಸ್ ಡಾಕ್ಟರ್ ಸಾಂಚೆಜ್‌ನ ಪಾತ್ರವನ್ನು ಕೆಟ್ಟದಾಗಿ ಮಾಡಬೇಕು. ತುಟಿಯಾಟಕ್ಕೂ ದನಿಗೂ ತಾಳಮೇಳವಿಲ್ಲದ ಹಳೇ ಡಬ್ಬಿಂಗ್ ಕೂಡ ಅಲ್ಲಿ ಹಾಸ್ಯದ ಸಾಮಗ್ರಿ. ಆ ಸಾಂಚೆಜ್ ಒಂದು ಕಡೆ ಇದ್ದಕ್ಕಿದ್ದಂತೆ ಪ್ರೇಮಗೀತೆ ಹಾಡಲು ತೊಡಗುತ್ತಾನೆ. ಆ ದಶಕದ ಪಾಪ್ ಹಾಡಿನ ಒಂದೊಂದು ವೈಯಾರವೂ ಅದರಲ್ಲಿದೆ. ‘ಡಾರ್ಕ್‌ಪ್ಲೇಸ್’ ಬಂದ 2004ರಲ್ಲೇ ರಿಚರ್ಡ್ ಅಯೋಡಿ ಜೊತೆ ಬಿಬಿಸಿ ತ್ರೀಗೆ ಮಾಡಿದ ‘ಎಡಿ/ಬಿಸಿ’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದು ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಕಾಲದ ರಾಕ್ ಒಪೆರಾಗಳ ಅಣಕ. ಬೆತ್ಲೆಹೆಮ್‌ನಲ್ಲಿ ಮೇರಿ-ಜೋಸೆಫರಿಗೆ ಜಾಗ ಇಲ್ಲವೆಂದ ಛತ್ರದವನ ಕಡೆಯಿಂದ ಹೇಳಿದ ಕಥೆ. ಸಂಗೀತ ಬೆರಿಯದು, ಛತ್ರದವನ ಪಾತ್ರವೂ ಅವರದೇ. ಮಟ್ಟುಗಳು ಎಷ್ಟು ಕರಾರುವಾಕ್ಕೆಂದರೆ, ನಗುವುದನ್ನು ಮರೆತು ಕಾಲು ತಾಳ ಹಾಕತೊಡಗುತ್ತದೆ.

ಅಣಕ ಮಾಡುವವನಿಗೆ ಮೂಲದ ಮೇಲೆ ಪ್ರೀತಿ ಇದ್ದರೆ ಹೀಗಾಗುತ್ತದೆ. ತೊಂದರೆ ಶುರುವಾಗುವುದೂ ಇಲ್ಲೇ. ಟಿವಿಯಲ್ಲಿ ಅನುಕರಣೆಗೆ ಒಂದು ಆಸರೆ ಇದೆ. ನಗು ಬಂದರೆ ಅದು ಗೆದ್ದಂತೆ. ನಗು ತೆಗೆದು ಅದೇ ಕಸುಬನ್ನು ಆಲ್ಬಮ್ಮಿಗೆ ಹಚ್ಚಿದರೆ ಉಳಿಯುವುದೇನು? ಮೈಕ್ ಓಲ್ಡ್‌ಫೀಲ್ಡ್‌ನ ‘ಟ್ಯೂಬುಲರ್ ಬೆಲ್ಸ್’ ಬಂದ 1973ರ ಆಸುಪಾಸಿನ ಆರ್ಗನ್ನು, ಇಂಗ್ಲಿಷ್ ಜಾನಪದದ ನೆರಳಿರುವ ಗಿಟಾರು, ಸಿಂಥಸೈಜರಿನ ಗುಂಯ್‌ಗುಡುವಿಕೆ. ಬೆರಿಯ ಆಲ್ಬಮ್‌ಗಳ ಮೈತುಂಬ ಇವೇ. ಜೊತೆಗೆ ‘ವಿಚ್‌ಹೇಝಲ್’ನಲ್ಲಿ ಅವರೇ ಒಂದು ಕಿಡಿಗೇಡಿತನ ಮಾಡಿದ್ದಾರೆ. ಒಂದು ಹಾಡಿನಲ್ಲಿ ಪಾಲ್ ಮೆಕಾರ್ಟ್ನಿ ಅತಿಥಿಯಾಗಿ ಹಾಡಿದಂತೆ ಕೇಳಿಸುತ್ತದೆ. ಹಾಡಿದ್ದು ಮಿಮಿಕ್ರಿಯಲ್ಲಿ ಹೆಸರಾದ ನಟ ಪೀಟರ್ ಸೆರಾಫಿನೊವಿಚ್. ಗಂಭೀರ ಆಲ್ಬಮ್ ಎಂದು ಕೂತವನು ಈಗ ಏನು ಮಾಡಬೇಕು? ನಗಬೇಕೆ, ಸುಮ್ಮನೆ ಕೇಳಬೇಕೆ? ಆಕ್ಷೇಪಿಸುವವರ ಪರವಾಗಿ ನಾನು ವಕಾಲತ್ತು ಹಾಕಿದರೆ ಮೊದಲು ಒಪ್ಪಿಸುವ ಸಾಕ್ಷಿ ಈ ಹಾಡೇ. ತಮಾಷೆಯ ಬಾಗಿಲನ್ನು ಅರ್ಧ ತೆರೆದಿಟ್ಟುಕೊಂಡವನನ್ನು ಪೂರ್ತಿ ಗಂಭೀರವಾಗಿ ತೆಗೆದುಕೊಳ್ಳಿ ಎಂದು ಕೇಳುವುದು ಕಷ್ಟ.

‘ಶ್ಯಾಡೋಸ್’ ಬರೆದವರಿಗೂ ಇದು ಗೊತ್ತಿತ್ತೋ ಏನೋ. ಅದರ ಎರಡನೆಯ ಸರಣಿಯ ಕಂತೊಂದರಲ್ಲಿ ಲ್ಯಾಸ್ಲೊ ಮತ್ತವನ ಹೆಂಡತಿ ನಾಡ್ಯಾ, ಜಗತ್ತಿನ ಹೆಸರಾಂತ ಹಾಡುಗಳನ್ನೆಲ್ಲ ಶತಮಾನಗಳ ಹಿಂದೆ ತಾವೇ ಕಟ್ಟಿದ್ದೆಂದೂ ಮನುಷ್ಯರು ಕದ್ದರೆಂದೂ ಸಾಧಿಸುತ್ತಾರೆ. ಹಳೆಯ ಧಾಟಿಯಲ್ಲಿ ಹಾಡು ಕಟ್ಟುವ ನಟನ ಬಾಯಲ್ಲೇ ಈ ಮಾತು ಆಡಿಸಿದ್ದು ಚೆನ್ನಾಗಿದೆ.

ಈಗ ಪ್ರತಿವಾದ. ಧಾಟಿಯ ಮೇಲೆ ಹಿಡಿತ ಎನ್ನುವುದು ಎಲ್ಲ ಬಗೆಯ ಸಂಗೀತದಲ್ಲೂ ಕೀಳಲ್ಲ. ಟಿವಿಯ ಶೀರ್ಷಿಕೆ ಸಂಗೀತವನ್ನೇ ನೋಡಿ. ಅರ್ಧ ನಿಮಿಷದಲ್ಲಿ ಇದು ಎಂಥ ಕಾರ್ಯಕ್ರಮ, ಯಾವ ಕಾಲ, ಮಕ್ಕಳಿಗೋ ದೊಡ್ಡವರಿಗೋ ಎಂದು ಅದು ಹೇಳಿ ಮುಗಿಸಬೇಕು. 1963ರಲ್ಲಿ ರಾನ್ ಗ್ರೇನರ್ ಬರೆದ ‘ಡಾಕ್ಟರ್ ಹೂ’ ಮಟ್ಟನ್ನು ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪಿನಲ್ಲಿ ಡೇಲಿಯಾ ಡರ್ಬಿಶೈರ್ ಟೇಪು ಕತ್ತರಿಸಿ ಅಂಟಿಸಿ ಕಟ್ಟಿದ್ದು ಬ್ರಿಟನ್ನಿನಲ್ಲಿ ದಂತಕಥೆ. ಆ ನಾಡಿನ ಒಂದೆರಡು ತಲೆಮಾರುಗಳಿಗೆ ಎಲೆಕ್ಟ್ರಾನಿಕ್ ಸಂಗೀತದ ಮೊದಲ ಪರಿಚಯವಾದದ್ದೇ ಆ ಮಟ್ಟಿನಿಂದ. 2018ರಲ್ಲಿ ಬೆರಿ ‘ಟೆಲಿವಿಷನ್ ಥೀಮ್ಸ್’ ಎಂಬ ಆಲ್ಬಮ್ ತಂದು ಇಂಥ ಹಳೆಯ ಶೀರ್ಷಿಕೆ ಮಟ್ಟುಗಳನ್ನು ಮತ್ತೆ ನುಡಿಸಿದರು. ‘ಡಾಕ್ಟರ್ ಹೂ’ ಇದೆ, ‘ಆರ್ ಯು ಬೀಯಿಂಗ್ ಸರ್ವ್ಡ್?’ ಇದೆ, ‘ದ ಗುಡ್ ಲೈಫ್’ ಇದೆ. ಅಣಕವಿಲ್ಲ, ಗೇಲಿಯಿಲ್ಲ. ಹೆಚ್ಚಿನವರು ಚಹಾ ಮಾಡಲು ಎದ್ದುಹೋಗುವ ಹೊತ್ತಿನಲ್ಲಿ ಕೇಳಿಸುವ ಸಂಗೀತವನ್ನು ಒಬ್ಬ ಮನುಷ್ಯ ಕೂತು ಕಿವಿಗೊಟ್ಟು ಕೇಳಿದ್ದಾನೆ ಎಂದು ಆ ಆಲ್ಬಮ್ ತೋರಿಸುತ್ತದೆ.

2023ರ ‘ಸಿಂಪ್ಲಿಸಿಟಿ’ ಇನ್ನೂ ಸ್ಪಷ್ಟ. ಅದು ಕೆಪಿಎಂ ಸಂಸ್ಥೆಗಾಗಿ ಮಾಡಿದ ಲೈಬ್ರರಿ ಸಂಗೀತ. ಇಂಥ ಸಂಗೀತವನ್ನು ಯಾವುದೋ ಒಂದು ಚಿತ್ರಕ್ಕೆಂದು ಬರೆಯುವುದಿಲ್ಲ; ಮೊದಲೇ ಧ್ವನಿಮುದ್ರಿಸಿ ಕಪಾಟಿನಲ್ಲಿಟ್ಟಿರುತ್ತಾರೆ, ಬೇಕಾದ ನಿರ್ಮಾಪಕರು ಶುಲ್ಕ ಕೊಟ್ಟು ಬಳಸಿಕೊಳ್ಳುತ್ತಾರೆ. ಸುದ್ದಿ, ಆಟ, ಜಾಹೀರಾತು, ಎಲ್ಲದರ ಹಿಂದೆಯೂ ಅದಿರುತ್ತದೆ, ಬರೆದವನ ಹೆಸರು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಹೆಸರಿನ ಬಲದಿಂದ ಸಂಗೀತ ಮಾರುವ ನಟನೆಂದು ಬೆರಿಯನ್ನು ಬೈಯುವವರು, ಹೆಸರೇ ಬೇಕಿಲ್ಲದ ಈ ಕಸುಬಿಗೆ ಅವರು ಮನಸಾರೆ ಹೋದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿ ಧಾಟಿಯನ್ನು ಬಲ್ಲವನೇ ಒಳ್ಳೆಯ ಕಸುಬುದಾರ. ನಟನ ಕಿವಿ ಇಲ್ಲಿ ಲಾಭವೇ ಹೊರತು ನಷ್ಟವಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟರೆ ಒಂದಾದರೂ ಮುಳುಗುತ್ತದೆ ಎಂಬ ಹಳೆಯ ಎಚ್ಚರಿಕೆಯೂ ಉಂಟು. ಅದಕ್ಕೆ ಇಂಗ್ಲೆಂಡಿನ ಉದಾಹರಣೆ ಡಡ್ಲಿ ಮೂರ್. ಡ್ಯಾಗನಮ್‌ನ ಬಡ ಮನೆಯ ಹುಡುಗ, ಆಕ್ಸ್‌ಫರ್ಡಿನ ಮ್ಯಾಗ್ಡಲಿನ್ ಕಾಲೇಜಿಗೆ ಆರ್ಗನ್ ವಿದ್ಯಾರ್ಥಿವೇತನದ ಮೇಲೆ ಹೋದವರು, ಜಾನ್ ಡ್ಯಾಂಕ್‌ವರ್ತ್ ತಂಡದಲ್ಲಿ ಜಾಝ್ ನುಡಿಸಿದವರು. 1960ರ ‘ಬಿಯಾಂಡ್ ದ ಫ್ರಿಂಜ್’ ಎಂಬ ಹಾಸ್ಯ ರಂಗಪ್ರದರ್ಶನದಲ್ಲಿ ‘ಕರ್ನಲ್ ಬೋಗಿ’ ಎಂಬ ಸಿಪಾಯಿಗಳ ಮಟ್ಟನ್ನು ಬೀಥೋವನ್ ಸೊನಾಟಾದ ಗಾಂಭೀರ್ಯದಲ್ಲಿ ನುಡಿಸಿ, ಅದು ಮುಗಿಯಿತೆನ್ನುವಾಗ ಮುಗಿಯದೆ, ಮತ್ತೆ ಮುಗಿಯದೆ ಜನರನ್ನು ನಗಿಸಿದರು. ಹಾಸ್ಯನಟ ಪೀಟರ್ ಕುಕ್ ಜೊತೆ ಬಿಬಿಸಿಯಲ್ಲಿ ‘ನಾಟ್ ಓನ್ಲಿ... ಬಟ್ ಆಲ್ಸೊ’ ಮಾಡಿದರು. 1967ರ ‘ಬೆಡಾಝಲ್ಡ್’ಗೆ ನಾಯಕನೂ ಅವರೇ, ಸಂಗೀತ ನಿರ್ದೇಶಕನೂ ಅವರೇ. ಆಮೇಲೆ ಹಾಲಿವುಡ್ ಕರೆಯಿತು. ‘10’ ಮತ್ತು ‘ಆರ್ಥರ್’ ಚಿತ್ರಗಳು ಅವರನ್ನು ತಾರೆಯಾಗಿಸಿದವು. ಅವರು ಹೊಸದಾಗಿ ಬರೆದ ಸಂಗೀತ ವಿರಳವಾಗುತ್ತ ಹೋಯಿತು. 1991ರಲ್ಲಿ ವಾದ್ಯವೃಂದ ನಿರ್ದೇಶಕ ಗೇಯಾರ್ಗ್ ಶೋಲ್ಟಿ ಜೊತೆ ‘ಆರ್ಕೆಸ್ಟ್ರಾ!’ ಎಂಬ ಟಿವಿ ಸರಣಿ ಮಾಡುವಾಗ ಅವರು ಪಿಯಾನೊ ಬಲ್ಲ ಜನಪ್ರಿಯ ನಟ, ಸಂಯೋಜಕ ಅಲ್ಲ. ಮೂರ್ ಬರೆಯದೇ ಉಳಿದ ಸಂಗೀತಕ್ಕಾಗಿ ಹಳಹಳಿಸುವವರಿದ್ದಾರೆ. ‘ಬೆಡಾಝಲ್ಡ್’ನ ಸಂಗೀತ ಕೇಳಿದ ಮೇಲೆ ನನಗೂ ಅವರ ಪಕ್ಷವೇ ಸರಿ ಅನ್ನಿಸುತ್ತದೆ.

ಬೆರಿಗೆ ಹಾಗಾಗಲಿಲ್ಲ. ಮೂರ್‌ನಂತೆ ಒಂದು ಬೆಳೆದು ಇನ್ನೊಂದನ್ನು ನುಂಗಲಿಲ್ಲ. ಬಹುಶಃ ಕಾಲವೂ ಒತ್ತಾಸೆಯಾಯಿತು. ಈಗ ಮನೆಯ ಕೋಣೆಯಲ್ಲೇ ಆಲ್ಬಮ್ ಮಾಡಬಹುದು, ವಾದ್ಯವೃಂದಕ್ಕೂ ಸ್ಟುಡಿಯೊ ಬಾಡಿಗೆಗೂ ಕಾಯಬೇಕಿಲ್ಲ. ನಿದ್ದೆ ಬಾರದ ರಾತ್ರಿಗಳಿಂದ ಹುಟ್ಟಿದ 2014ರ ‘ಮ್ಯೂಸಿಕ್ ಫಾರ್ ಇನ್‌ಸೋಮ್ನಿಯಾಕ್ಸ್’ ಎರಡೇ ಎರಡು ದೀರ್ಘ ಭಾಗಗಳ ವಾದ್ಯಸಂಗೀತ. ಟಿವಿಯಲ್ಲಿ ಅನ್ನ ಕೊಡುವ ದನಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ.

ಆ ದನಿಯ ಬಗ್ಗೆ ಒಂದು ಮಾತು. ಟಿವಿಯಲ್ಲಿ ಬೆರಿಯದು ಉಬ್ಬಿದ ಎದೆಯ ಮಂದ್ರದ ದನಿ. ಸ್ವರಗಳನ್ನು ಎಳೆದು, ಊರಿನ ಹೆಸರನ್ನೂ ನಗೆಚಾಟಿಕೆ ಮಾಡಬಲ್ಲರು. ಹಾಡುವಾಗ ಅವರು ಅದನ್ನು ಬೇಕೆಂದೇ ಬದಿಗಿಡುತ್ತಾರೆ. ಹಾಡಿನ ದನಿ ಮೆದು, ಹಗುರ, ಕೆಲವೊಮ್ಮೆ ವಾದ್ಯಗಳ ನಡುವೆ ಅಡಗಿಕೊಳ್ಳುವಷ್ಟು. ಇದನ್ನು ಎರಡು ಬಗೆಯಾಗಿ ಓದಬಹುದು. ನಗು ಬಾರದಿರಲೆಂದು ತನ್ನ ದೊಡ್ಡ ಬಲವನ್ನೇ ಬಿಟ್ಟುಕೊಟ್ಟ ಸಂಯಮ ಎನ್ನಬಹುದು. ಪಾತ್ರವಿಲ್ಲದಾಗ ತನ್ನದೇ ದನಿ ಯಾವುದೆಂದು ಇನ್ನೂ ಹುಡುಕುತ್ತಿದ್ದಾರೆ ಎಂದೂ ಅನ್ನಬಹುದು. ‘ಕಿಲ್ ದ ವುಲ್ಫ್’ ಕೇಳುವಾಗ ನನಗೆ ಎರಡನೆಯದೇ ನಿಜ ಅನ್ನಿಸಿತ್ತು. ‘ಫ್ಯಾಂಟಮ್ ಬರ್ಡ್ಸ್’ ಅಲ್ಲಿಂದ ಮೊದಲನೆಯದರ ಕಡೆ ತಿರುಗಿಸಿತು. ಅದರಲ್ಲಿ ಅಲಂಕಾರವನ್ನೆಲ್ಲ ಕಳಚಿದ್ದಾರೆ. ಬಾಬ್ ಡಿಲನ್‌ನ ‘ಜಾನ್ ವೆಸ್ಲಿ ಹಾರ್ಡಿಂಗ್’ನ ಬೋಳುತನ ಅದಕ್ಕೆ ಮಾದರಿ. ಗಿಟಾರು, ಕ್ರೇಗ್ ಬ್ಲಂಡೆಲ್‌ನ ಡ್ರಮ್ಸ್, ಬಿ.ಜೆ. ಕೋಲ್‌ನ ಪೆಡಲ್ ಸ್ಟೀಲ್. ಈ ಕೋಲ್ ಎಲ್ಟನ್ ಜಾನ್‌ನ ‘ಟೈನಿ ಡ್ಯಾನ್ಸರ್’ನಲ್ಲಿ ನುಡಿಸಿದವರು. ಮಾದರಿ ಇಲ್ಲೂ ಇದೆ, ಮುಚ್ಚಿಟ್ಟಿಲ್ಲ. ಆದರೆ ಮಾದರಿಯನ್ನು ತೋರಿಸುವುದು ಇಲ್ಲಿ ಉದ್ದೇಶವಾಗಿ ಉಳಿದಿಲ್ಲ.

ನನ್ನ ತಕ್ಕಡಿ ಹೀಗೆ ವಾಲುತ್ತದೆ: ಬೆರಿ ಒಳ್ಳೆಯ ಸಂಗೀತಗಾರ, ತುಂಬ ಒಳ್ಳೆಯ ಕಸುಬುದಾರ. ಹೊಸ ಧಾಟಿ ಹುಟ್ಟಿಸಿದವರಲ್ಲ. ಅಂಥ ಹಕ್ಕೊತ್ತಾಯವನ್ನು ಅವರ ಆಲ್ಬಮ್‌ಗಳೂ ಮಾಡುವುದಿಲ್ಲ. ಹೊಸತನವೇ ಸಂಗೀತದ ಅಳತೆಗೋಲು ಎನ್ನುವವರಿಗೆ ಇದು ಸಾಲದು, ಅವರ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಆಧಾರವಿಲ್ಲ. 2024ರ ಕೊನೆಗೆ ‘ಶ್ಯಾಡೋಸ್’ ಮುಗಿಯಿತು, 2025ರ ಜನವರಿಯಲ್ಲಿ ‘ಹರ್ಡ್ ನಾಯ್ಸಸ್’ ಎಂಬ ಆಲ್ಬಮ್ ಬಂತು. ನಟನೆಂದು ಮೂಗು ಮುರಿಯುವವರಿಗೆ ನಾನು ಕೈಗಿಡುವುದು ‘ಫ್ಯಾಂಟಮ್ ಬರ್ಡ್ಸ್’. ಲ್ಯಾಸ್ಲೊನ ಅಭಿಮಾನಿಗಳು ಮಾತ್ರ ‘ಮ್ಯೂಸಿಕ್ ಫಾರ್ ಇನ್‌ಸೋಮ್ನಿಯಾಕ್ಸ್’ನ ಮೊದಲ ಭಾಗದಿಂದ ಶುರುಮಾಡಲಿ, ಅದರಲ್ಲಿ ನಗುವಿಗಾಗಿ ಎಷ್ಟು ಹೊತ್ತು ಕಾಯುತ್ತಾರೋ ನೋಡೋಣ.