ಏರಿದರೆ ಸಾಲದು, ಇಳಿಯಬೇಕು

ಕಳೆದ ಬೇಸಿಗೆಯಲ್ಲಿ ನಮ್ಮ ಊರಿನ ಶಾಲೆಯ ಜಗಲಿಯಲ್ಲಿ ಒಂದು ಸಭೆ ನಡೆಯಿತು. ಗುಡ್ಡದ ಮೇಲಿನ ಕೇರಿಗೆ ಇಂದಿಗೂ ಸರಿಯಾದ ರಸ್ತೆಯಿಲ್ಲ. ಗೊಬ್ಬರ, ಸಿಮೆಂಟು, ಪಡಿತರ ಮೇಲೇರಬೇಕು. ಕಾಫಿ, ಕಾಳುಮೆಣಸು, ಬಾಳೆ ಕೆಳಗಿಳಿಯಬೇಕು. ಎಲ್ಲವೂ ತಲೆಹೊರೆಯೇ. ಸೇನೆ ವಿಲೇವಾರಿ ಮಾಡುವ ಹಳೆಯ ಲಾರಿಯೊಂದನ್ನು ಹರಾಜಿನಲ್ಲಿ ಕೊಂಡು, ಬೇಕಾದಂತೆ ಮಾರ್ಪಡಿಸಿಕೊಂಡರೆ ಎಲ್ಲ ಕಷ್ಟವೂ ತೀರುತ್ತದೆಂದು ಯುವಕರು ಉತ್ಸಾಹದಿಂದ ವಾದಿಸಿದರು. ಅದರ ಗಾಲಿಯ ಎತ್ತರ, ಅದರ ಎಳೆತ, ಅದು ಹತ್ತಬಲ್ಲ ಏರು ಇವೆಲ್ಲ ವರ್ಣಿತವಾದವು. ಮೂಲೆಯಲ್ಲಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಒಂದೇ ಮಾತು ಕೇಳಿದರು: “ಹತ್ತೋದು ಹತ್ತುತ್ತೆ ಮಾರಾಯ, ಇಳಿಯೋದು ಹ್ಯಾಗೆ?”

ಸಭೆ ನಕ್ಕಿತು. ಆದರೆ ಇಡೀ ಚರ್ಚೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಾನು ಹುಟ್ಟಿ ಬೆಳೆದದ್ದು ಬೀದರಿನ ಮೈಲೂರಿನಲ್ಲಿ. ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ಹಾರಾಡುವ ಊರು ಅದು. ಸೇನೆಯ ವಾಹನವೆಂದರೆ ನಮಗೆಲ್ಲ ಬಾಲ್ಯದಿಂದಲೂ ಬೆರಗು. ಹೊಟ್ಟೆಪಾಡಿಗಾಗಿ ಮಲೆನಾಡಿಗೆ ಬಂದು ನೆಲೆಸಿದ ಮೇಲೂ ಆ ಬೆರಗು ಅಳಿದಿಲ್ಲ. ಆದುದರಿಂದ ಇದು ಲಾರಿದ್ವೇಷಿಯೊಬ್ಬನ ಲೇಖನವಲ್ಲ. ಪರಿಸರದ ಮಾತಾಡುವವರಿಗೆ ಬಡವರ ಬೆನ್ನುನೋವು ಕಾಣುವುದಿಲ್ಲ ಎಂಬ ಆರೋಪವನ್ನು ಬಲ್ಲೆ. ರೋಗಿಯನ್ನು ಕುರ್ಚಿಗೆ ಕಟ್ಟಿ ಹೊತ್ತು ಇಳಿಸುವವರಲ್ಲಿ ನಾನೂ ಹೆಗಲು ಕೊಟ್ಟಿದ್ದೇನೆ. ಮೇಲಿನ ಕೇರಿಗೆ ಸಾಗಾಣಿಕೆ ಬೇಕು. ಯಾವ ವಾಹನ, ಎಷ್ಟು ಭಾರ, ಯಾರ ನಿಯಮ ಎಂಬುದಷ್ಟೇ ಪ್ರಶ್ನೆ.

ಸೇನೆಯ ವಾಹನ ಘಟ್ಟಕ್ಕೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದಾಗ ಉಳಿದ ಜೀಪು, ಲಾರಿಗಳು ವಿಲೇವಾರಿಯಾಗಿ ತೋಟಗಳನ್ನೂ ಮರದ ಕೂಪುಗಳನ್ನೂ ಸೇರಿದವು. 1947ರಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಇಲ್ಲಿಯೇ ಜೋಡಿಸತೊಡಗಿತು. ಕೊಡಚಾದ್ರಿಯ ಕಲ್ಲುದಾರಿಯನ್ನು ಇಂದು ಏರುವ ಜೀಪುಗಳು ಆ ವಂಶದವೇ. 1959ರಲ್ಲಿ ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯೊಂದಿಗೆ ಜಬಲ್ಪುರದಲ್ಲಿ ಶಕ್ತಿಮಾನ್ ಲಾರಿ ತಯಾರಾಗತೊಡಗಿತು, 1996ರಲ್ಲಿ ನಿಂತಿತು. ಅದರ ಸ್ಥಾನಕ್ಕೆ ಅಶೋಕ್ ಲೇಲ್ಯಾಂಡ್‌ನ ಸ್ಟ್ಯಾಲಿಯನ್ ಬಂತು.

ಇವು ಗುಡ್ಡ ಹತ್ತುವುದರಲ್ಲಿ ಮಾಯವೇನೂ ಇಲ್ಲ. ಎಲ್ಲ ಚಕ್ರಗಳಿಗೂ ಎಂಜಿನ್ನಿನ ಎಳೆತ ಸಿಗುತ್ತದೆ. ಎರಡನೆಯ ಗಿಯರ್ ಪೆಟ್ಟಿಗೆಯಿಂದ ವೇಗ ತಗ್ಗಿ ಬಲ ಹೆಚ್ಚುತ್ತದೆ. ಹೊಟ್ಟೆ ನೆಲದಿಂದ ಎತ್ತರದಲ್ಲಿದೆ. ಆದರೆ ಸೇನೆಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸೇನೆಯ ಬೆನ್ನಿಗೆ ವರ್ಕ್‌ಶಾಪು, ಬಿಡಿಭಾಗ, ತರಬೇತಾದ ಚಾಲಕರಿದ್ದಾರೆ. ಕೆಟ್ಟ ದಾರಿಯನ್ನು ಹೇಗಾದರೂ ದಾಟಿಹೋಗುವುದು ಅದರ ಗುರಿ. ನಾವಾದರೋ ಅದೇ ದಾರಿಯಲ್ಲಿ, ಅದೇ ಧರೆಯ ಅಡಿಯಲ್ಲಿ ಬದುಕಿಡೀ ಓಡಾಡಬೇಕಾದವರು.

ವಿದ್ಯಾರ್ಥಿ ಮಿತ್ರರು ಒಂದು ಲೆಕ್ಕ ಮಾಡಿ ನೋಡಲಿ. ಸರಕು ಸೇರಿ 8 ಟನ್ ತೂಗುವ ಲಾರಿ 300 ಮೀಟರ್ ಎತ್ತರದಿಂದ ಇಳಿಯುತ್ತದೆ ಎನ್ನೋಣ. ಆಗ ಬಿಡುಗಡೆಯಾಗುವ ಶಕ್ತಿ ಸುಮಾರು 70 ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು. ಎಂಜಿನ್ನು ಹಿಡಿದಿಡದಿದ್ದರೆ ಇದರ ಬಹುಪಾಲನ್ನು ನುಂಗಬೇಕಾದದ್ದು ಬ್ರೇಕ್ ಡ್ರಮ್ಮುಗಳು. ಡ್ರಮ್ ಕಾದಂತೆ ಹಿಗ್ಗುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲು ನೆಲ ಮುಟ್ಟಿದರೂ ಲಾರಿ ನಿಲ್ಲುವುದಿಲ್ಲ. ಏರುವಾಗ ಬಲ ಸಾಲದಿದ್ದರೆ ಲಾರಿ ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ಬಲ ಸಾಲದಿದ್ದರೆ ಹೆಣ ಬೀಳುತ್ತದೆ. ಯಾವ ಗಿಯರಿನಲ್ಲಿ ಏರಬೇಕೋ ಅದೇ ಗಿಯರಿನಲ್ಲಿ ಇಳಿಯಬೇಕು, ಇಳಿಜಾರಿನ ನಡುವೆ ಗಿಯರ್ ಬದಲಿಸಕೂಡದು ಎಂದು ಹಳೆಯ ಚಾಲಕರು ಹೇಳುತ್ತಿದ್ದುದು ಇದಕ್ಕೇ.

ಆದ್ದರಿಂದ ಮಾರ್ಪಾಡಿನ ಮೊದಲ ಹಣ ಬ್ರೇಕಿಗೆ ಹೋಗಬೇಕು, ಎಂಜಿನ್ನಿಗಲ್ಲ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಎಣ್ಣೆಜಾಲ. ಎಲ್ಲಿ ಸೋರಿದರೂ ನಾಲ್ಕೂ ಕೈಕೊಡುತ್ತವೆ. ಮುಂದಿನ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಜಾಲವಿರುವ ಮಾಸ್ಟರ್ ಸಿಲಿಂಡರನ್ನು ಹಾಕಿಸುವುದು ಅನುಭವಿ ಮೆಕ್ಯಾನಿಕರಿಗೆ ಕಷ್ಟವಲ್ಲ. ಎರಡನೆಯದು ಬಾಡಿ. ಹೆಚ್ಚು ಹೇರಲೆಂದು ಬಾಡಿಯನ್ನು ಹಿಂದಕ್ಕೆ ಉದ್ದ ಮಾಡಿಸುವುದು ನಮ್ಮ ಕಡೆಯ ಚಾಳಿ. ಹಿಂದಿನ ಚಕ್ರವನ್ನು ದಾಟಿ ಚಾಚಿಕೊಂಡ ಭಾರ ಏರಿನಲ್ಲಿ ಮುಂದಿನ ಚಕ್ರಗಳನ್ನು ಹಗುರ ಮಾಡುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ವಾಹನ ತಿರುಗುವುದಿಲ್ಲ. ಬಾಡಿ ಗಿಡ್ಡವಿರಲಿ, ತಗ್ಗಿರಲಿ. ಮೂರನೆಯದು ಚಕ್ರದ ಹಿಡಿತ. ಒಂದು ಚಕ್ರ ಜಾರಿ ಗಿರಗಿರನೆ ತಿರುಗಿದ ಜಾಗದಲ್ಲಿ ಹೊಂಡ ಬೀಳುತ್ತದೆ. ಮಳೆ ಆ ಹೊಂಡವನ್ನು ಕೊರಕಲು ಮಾಡುತ್ತದೆ. ಎರಡು ಚಕ್ರಗಳನ್ನು ಜೊತೆಯಾಗಿ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಈ ಹಾನಿಯನ್ನು ತಗ್ಗಿಸುತ್ತದೆ. ಕೆಸರಿನಲ್ಲಿ ಟೈರಿಗೆ ಸುತ್ತುವ ಸರಪಳಿ ವಾಹನವನ್ನು ಕಾಯುತ್ತದೆ, ದಾರಿಯನ್ನು ಕೆತ್ತುತ್ತದೆ ಎಂಬುದೂ ನೆನಪಿರಲಿ.

ಇನ್ನು ಗಾತ್ರ. ಸ್ಟ್ಯಾಲಿಯನ್ ಲಾರಿಯನ್ನು ಸೇನೆಯೇ 5 ಮತ್ತು 7.5 ಟನ್ ಎಂದು ಎರಡು ಅಂಕಿಗಳಲ್ಲಿ ಹೆಸರಿಸುತ್ತದೆ. ರಸ್ತೆಯ ಮೇಲೆ 7.5 ಟನ್, ರಸ್ತೆಯಿಲ್ಲದಲ್ಲಿ 5. ಕೊಳ್ಳುವವರ ಕಣ್ಣಿಗೆ ಮಾತ್ರ ದೊಡ್ಡ ಅಂಕಿಯೇ ಬೀಳುತ್ತದೆ! ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯೊಂದು ತೋರಿಸಿದಂತೆ, ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಅದು ಕಟ್ಟಿದ ರಸ್ತೆಯ ಮಾತು, ನಮ್ಮದು ಮಣ್ಣುದಾರಿ. ನಮ್ಮ ಬೀದರ ನಗರ ನಿಂತಿರುವುದು ಗಟ್ಟಿ ಜಂಬಿಟ್ಟಿಗೆಯ ಮೇಲೆ; ಭಾಲ್ಕಿ, ಔರಾದಗಳತ್ತ ಹೋದರೆ ಎರೆಮಣ್ಣು. ಒಂದೇ ಚಕ್ಕಡಿ ಒಂದು ಕಡೆ ಸದ್ದು ಮಾಡುತ್ತ ಸಾಗುತ್ತದೆ, ಇನ್ನೊಂದು ಕಡೆ ಮಳೆಗಾಲದಲ್ಲಿ ಅಚ್ಚಿನವರೆಗೆ ಹೂಳುತ್ತದೆ. ಗಾಡಿಯ ಶಕ್ತಿಯನ್ನು ನಿರ್ಧರಿಸುವುದು ನೆಲ ಎಂಬ ಪಾಠವನ್ನು ನಾನು ಅಲ್ಲಿಯೇ ಕಲಿತೆ. ನಮ್ಮ ದಾರಿಯ ಅತ್ಯಂತ ದುರ್ಬಲ ಮೋರಿ ಎಷ್ಟು ತಾಳುತ್ತದೋ ಅಷ್ಟೇ ನಮ್ಮ ಲಾರಿಯ ಅಳತೆ.

ಕಾನೂನಿನ ಮಾತನ್ನೂ ಮುಚ್ಚಿಡಬಾರದು. 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯನ್ನು ನವೀಕರಿಸದೆ ಅವನ್ನು ಗುಜರಿ ಕೇಂದ್ರಕ್ಕೆ ಕಳಿಸಬೇಕೆಂಬ ಕೇಂದ್ರ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಕ್ಷಣಾ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ವಿನಾಯಿತಿಯಿದೆ. ಆದರೆ ಅದು ಸೇನೆಯ ಬಳಕೆಗೆ, ಹರಾಜಿನಲ್ಲಿ ಕೊಂಡ ನಮಗಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಿಸಲು ಅನುಮತಿ ಬೇಕು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ನೋಂದಣಿಯಿಲ್ಲದಿದ್ದರೆ ವಿಮೆಯಿಲ್ಲ. ಹೊರೆಯ ಮೇಲೆ ಕುಳಿತ ಕೂಲಿಯಾಳು ಕಣಿವೆಗೆ ಬಿದ್ದರೆ ಅವನ ಮನೆಯವರಿಗೆ ಉತ್ತರ ಹೇಳುವವರು ಯಾರು? ಹರಾಜಿಗೆ ಮುಂಗಡ ಕಟ್ಟುವ ಮೊದಲೇ ಆರ್.ಟಿ.ಒ. ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಆ ಉತ್ತರ ‘ಇಲ್ಲ’ ಎಂದಾದರೆ, ಹೊಸದೋ ಹಳೆಯದೋ, ಕಾಗದಪತ್ರ ಸರಿಯಿರುವ ಚಿಕ್ಕ ನಾಲ್ಕು ಚಕ್ರ ಚಾಲನೆಯ ವಾಹನವೇ ಮೇಲು.

ಎಲ್ಲಕ್ಕಿಂತ ದೊಡ್ಡ ಭಯ ಬೇರೆಯೇ ಇದೆ. ದೊಡ್ಡ ಲಾರಿ ಬಂದ ಮೇಲೆ ಅದರ ಅಗಲಕ್ಕೆ ದಾರಿ ಅಗಲವಾಗಬೇಕು. ಅಗಲವಾಗಲು ಧರೆ ಕಡಿಯಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ಇಳಿಜಾರನ್ನು ಮನುಷ್ಯರು ಕಡಿದದ್ದೂ ಮುಖ್ಯ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಜನ ಮಣ್ಣಿನಡಿ ಹೋದರು. 1983ರಲ್ಲಿ ಶಿರಸಿಯ ಸಲ್ಕಣಿಯವರು ಮರಗಳನ್ನು ಅಪ್ಪಿ ನಿಂತಾಗ, ಮರ ಹೋದರೆ ನೀರೂ ಮಣ್ಣೂ ಹೋಗುತ್ತದೆಂದು ಅವರಿಗೆ ತಿಳಿದಿತ್ತು. ಕೊಡಲಿ ಮಾಡಿದ ಕೆಲಸವನ್ನು ಈಗ ನಮ್ಮದೇ ಲಾರಿ ಮಾಡದಿರಲಿ.

ಹಾಗಾದರೆ ಮಾಡಬೇಕಾದದ್ದೇನು? ವಾಹನ ದಾರಿಗೆ ಹೊಂದಲಿ, ದಾರಿ ವಾಹನಕ್ಕಲ್ಲ. ಇರುವ ದಾರಿಗೆ ಅಡ್ಡವಾಗಿ ಕೆಲವು ಮಾರಿಗೊಮ್ಮೆ ನೀರು ಹೊರಹೋಗುವ ಓರೆ ಕಾಲುವೆ ತೋಡೋಣ. ಹೊರೆಯ ಮಿತಿಯನ್ನು ಊರೇ ನಿಶ್ಚಯಿಸಿ ಬಾಡಿಯ ಮೇಲೆ ಬರೆಯಿಸೋಣ. ಜಡಿಮಳೆಯ ತಿಂಗಳುಗಳಲ್ಲಿ ಕಾಯಿಲೆಯವರ ಹೊರತು ಯಾವ ಸರಕಿಗೂ ಓಡಾಟ ಬೇಡ. ತೀರ ಕಡಿದಾದ ಕೊನೆಯ ಏರಿಗೆ ವಾಹನವೇ ಹೋಗಬೇಕೆಂದಿಲ್ಲ. ಕೆಳಗಿಳಿಯುವ ತೊಟ್ಟಿಲಿನ ಭಾರವೇ ಹಗುರ ತೊಟ್ಟಿಲನ್ನು ಮೇಲೆಳೆಯುವ, ಎಂಜಿನ್ನಿಲ್ಲದ ತಂತಿಮಾರ್ಗಗಳು ನೇಪಾಳದ ಬೆಟ್ಟಗಳಲ್ಲಿ ನಡೆದು ತೋರಿಸಿವೆ. ನಮ್ಮಲ್ಲಿಯೂ ಕೆಳಗಿಳಿಯುವ ಬೆಳೆಯುಂಟು, ಮೇಲೇರಬೇಕಾದ ಗೊಬ್ಬರವುಂಟು.

ನಮ್ಮ ಸಭೆ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಒಂದು ಕೆಲಸ ಮಾತ್ರ ಶುರುವಾಗಿದೆ. ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಹಿಡಿದು, ಶಾಲೆಯ ಮಕ್ಕಳು ಭಾನುವಾರಗಳಲ್ಲಿ ದಾರಿಯ ಏರನ್ನು ತಿರುವು ತಿರುವಿಗೂ ಅಳೆಯುತ್ತಿದ್ದಾರೆ; ಮೋರಿಗಳನ್ನು ಪಟ್ಟಿ ಮಾಡುತ್ತಿದ್ದಾರೆ. ಇತರ ಊರುಗಳ ವಿದ್ಯಾರ್ಥಿಗಳೂ ತಮ್ಮ ದಾರಿಯನ್ನು ಹೀಗೆ ಅಳೆಯಲಿ. ಆ ಪಟ್ಟಿ ಕೈಗೆ ಬಂದ ಮೇಲೆ ಲಾರಿಯ ಮಾತಾಡೋಣ. ಆ ಹಿರಿಯ ತಾಯಿಯ ಪ್ರಶ್ನೆಗೆ ಉತ್ತರವಿಲ್ಲದ ಯಾವ ವಾಹನವೂ ನಮ್ಮ ಗುಡ್ಡವನ್ನು ಏರುವುದು ಬೇಡ.