ಪುಕ್ಕಟೆ ಕೊಡುವುದು ಬೇರೆ, ಪುಕ್ಕಟೆ ಎತ್ತಿಕೊಳ್ಳುವುದು ಬೇರೆ

ಆಟ ಶುರುವಾಗಿ ಅರ್ಧ ಗಂಟೆ ಆಗಿರುವುದಿಲ್ಲ, ರಂಗಸ್ಥಳದ ಮುಂದೆ ಹತ್ತಾರು ಫೋನು ಎದ್ದು ನಿಂತಿರುತ್ತವೆ. ಬೆಳಗಾಗುವುದರೊಳಗೆ ಭಾಗವತರ ಪದ್ಯ ಯೂಟ್ಯೂಬಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ. ಇಡಗುಂದಿ ಇರಲಿ, ಶಿರಸಿ ಇರಲಿ, ಸಿದ್ದಾಪುರ ಇರಲಿ, ಎಲ್ಲ ಕಡೆ ಇದೇ ಕತೆ. ಕೇಳಿದರೆ ಒಂದೇ ಉತ್ತರ: "ದುಡ್ಡು ತಗೊಂಡಿಲ್ವಲ್ಲ ಮಾರಾಯ, ಫ್ರೀ ಹಾಕಿದ್ದು."

ನಮ್ಮ ತಕರಾರು ಆ 'ಫ್ರೀ' ಎಂಬ ಮಾತಿನ ಮೇಲೆ. ಹಾಡಿದ್ದು ಒಬ್ಬರು, ಬಾರಿಸಿದ್ದು ಇನ್ನಿಬ್ಬರು, ಪುಕ್ಕಟೆ ಕೊಟ್ಟಿದ್ದು ಮಾತ್ರ ಫೋನು ಹಿಡಿದವರು. ಪಕ್ಕದ ಮನೆಯವರ ಅಡಿಕೆ ಕೊಯ್ದು ಊರಿಗೆಲ್ಲ ಹಂಚಿದರೆ ಅದಕ್ಕೆ ದಾನ ಎನ್ನುತ್ತೀರಾ?

ಹಾಗಂತ ನಾವು ಪುಕ್ಕಟೆ ಹಂಚುವುದರ ವಿರೋಧಿಗಳಲ್ಲ. ಈಗಿನದಕ್ಕಿಂತ ಹೆಚ್ಚು ಹಂಚಬೇಕು ಎನ್ನುವವರು. ಆದರೆ ಅದಕ್ಕೊಂದು ಕ್ರಮ ಇದೆ. ಅದನ್ನು ಕಲಿಯಲು ನಮಗೆ ಸಂಬಂಧವೇ ಇಲ್ಲ ಅನ್ನಿಸುವ ಒಂದು ಸಂಗೀತದವರ ಹತ್ತಿರ ಹೋಗಬೇಕು. ಅದರ ಹೆಸರು ಮಿನಿಮಲ್ ಟೆಕ್ನೊ.

ಪಂಪ್‌ಸೆಟ್ಟಿನಂಥ ಸಂಗೀತ

ಟೆಕ್ನೊ ಎಂದರೆ ಯಂತ್ರದ ತಾಳದ ಮೇಲೆ ಕಟ್ಟಿದ ಕುಣಿತದ ಸಂಗೀತ. ಅಮೆರಿಕದ ಡೆಟ್ರಾಯ್ಟ್ ಪಟ್ಟಣದ ಕಪ್ಪು ಯುವಕರು 1980ರ ದಶಕದಲ್ಲಿ ಹುಟ್ಟುಹಾಕಿದ್ದು. ಅದರಲ್ಲಿನ ಅಲಂಕಾರವನ್ನೆಲ್ಲ ಕಿತ್ತುಹಾಕಿ ನಾಲ್ಕೇ ಸದ್ದು ಉಳಿಸಿಕೊಂಡಿದ್ದು ಮಿನಿಮಲ್. ಅದೇ ಊರಿನ ರಾಬರ್ಟ್ ಹುಡ್ 1994ರಲ್ಲಿ ತಂದ 'ಮಿನಿಮಲ್ ನೇಷನ್' ಇದರ ಮೊದಲ ಹೆಗ್ಗುರುತುಗಳಲ್ಲಿ ಒಂದು. ಮೊದಲ ಸಲ ಕೇಳಿದರೆ ತೋಟದಲ್ಲಿ ಪಂಪ್‌ಸೆಟ್ ಓಡಿದ ಹಾಗೆ ಅನ್ನಿಸುತ್ತದೆ. ಹತ್ತು ನಿಮಿಷ ಕಿವಿಗೊಟ್ಟರೆ, ತಾಳ ಅದೇ ಇದ್ದರೂ ಒಳಗೆ ಸಣ್ಣ ಸಣ್ಣದು ಬದಲಾಗುತ್ತಿರುವುದು ಗೊತ್ತಾಗುತ್ತದೆ. ಚಂಡೆ ಕೇಳಿ ಬೆಳೆದವರಿಗೆ ಇದು ಬೇಗ ಅರ್ಥವಾದೀತು.

ಈ ಸಂಗೀತಕ್ಕೆ ಕೇಳುಗರು ಕಡಿಮೆ. ವಿನೈಲ್ ತಟ್ಟೆ ಅಚ್ಚು ಹಾಕಿಸಿದರೆ ಹಾಕಿದ ದುಡ್ಡು ಹುಟ್ಟುವುದೇ ಕಷ್ಟ. ಮಾಡುವುದೋ ಮನೆಯ ಕಂಪ್ಯೂಟರಿನಲ್ಲಿ. ಹಾಗಾಗಿ ಕೆಲವರು ತಟ್ಟೆಯ ಗೊಡವೆಯನ್ನೇ ಬಿಟ್ಟು, ಎಂಪಿ3 ಫೈಲನ್ನು ನೇರ ಅಂತರಜಾಲಕ್ಕೆ ಹಾಕಿ 'ತಗೊಳ್ಳಿ' ಎಂದರು. ಇಂಥವಕ್ಕೆ ನೆಟ್‌ಲೇಬಲ್ ಎಂಬ ಹೆಸರು ಬಂತು. ಕಂಪ್ಯೂಟರ್ ಸಂಗೀತದ 'ಮೊನೊಟೊನಿಕ್' 1996ರಲ್ಲೇ ಶುರುವಾಗಿತ್ತು. ಆಮೇಲೆ ಜರ್ಮನಿಯ 'ಥಿನ್ನರ್' ಮಿನಿಮಲ್ ಟೆಕ್ನೊ ಹಂಚುವುದರಲ್ಲಿ ಹೆಸರು ಮಾಡಿತು. 2002ರ ಡಿಸೆಂಬರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಬಂದ ಮೇಲೆ ಇಂಥ ಲೇಬಲ್‌ಗಳು ಒಂದರ ಹಿಂದೆ ಒಂದು ಹುಟ್ಟಿಕೊಂಡವು.

ಅವರು ಮಾಡಿದ್ದೇನು?

ಗಮನಿಸಬೇಕಾದ್ದು ಇಲ್ಲಿ. ನೆಟ್‌ಲೇಬಲ್ಲಿನವರು ಸಿಕ್ಕಿದ್ದನ್ನೆಲ್ಲ ತಂದು ಸುರಿಯಲಿಲ್ಲ.

ಒಂದು, ಕೊಡುವ ತೀರ್ಮಾನ ಸಂಗೀತ ಮಾಡಿದವನದೇ. ಎರಡು, ಪ್ರತಿ ಫೈಲಿನ ಜೊತೆ ಅವನ ಹೆಸರು, ವರ್ಷ, ಲೇಬಲ್ಲಿನ ಕ್ರಮಸಂಖ್ಯೆ. ಮೂರು, ಪಡೆದವರು ಏನು ಮಾಡಬಹುದು ಎಂಬ ಬರಹ: ಹಂಚಬಹುದು, ಮಾರುವ ಹಾಗಿಲ್ಲ, ಹೆಸರು ತೆಗೆಯುವ ಹಾಗಿಲ್ಲ ಎಂಬಂತೆ. ನಾಲ್ಕು, ಫೈಲು ನಿಮ್ಮ ಕೈಗೇ ಬರುತ್ತದೆ.

ಹಲವು ಲೇಬಲ್‌ಗಳು ಈಗ ಮುಚ್ಚಿವೆ. ಆದರೂ ಅವು ಕೊಟ್ಟ ಎಷ್ಟೋ ಸಂಗೀತ ಇಂಟರ್ನೆಟ್ ಆರ್ಕೈವ್‌ನಲ್ಲಿ ಇವತ್ತಿಗೂ ಸಿಗುತ್ತದೆ. ಅಂಗಡಿ ಬಾಗಿಲು ಹಾಕಿದರೂ ಸಾಮಾನು ಊರಲ್ಲಿ ಉಳಿಯಿತು.

ನಮ್ಮಲ್ಲಿ?

ಕಾಳಿಂಗ ನಾವಡರು ತೀರಿಕೊಂಡಿದ್ದು 1990ರಲ್ಲಿ. ಅವರ ದನಿ ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಫೋನಿಗೆ ದಾಟಿ ಬಂತು. ಒಳ್ಳೆಯದೇ. ಆದರೆ ಇಂಥ ಹಳೆಯ ಧ್ವನಿಮುದ್ರಿಕೆ ಸಿಕ್ಕಾಗ ನೋಡಿ: ಯಾವ ಊರಿನ ಆಟ, ಯಾವ ವರ್ಷ, ಮದ್ದಲೆ ಯಾರದು, ಚಂಡೆ ಯಾರದು? ಎಷ್ಟೋ ಸಲ ಒಂದೂ ಇರುವುದಿಲ್ಲ. ಇರುವುದು 'ಸೂಪರ್ ಪದ್ಯ', ಅದರ ಮುಂದೆ ನಾಲ್ಕು ಬೆಂಕಿಯ ಚಿತ್ರ.

ಇನ್ನು ಯೂಟ್ಯೂಬಿನ 'ಫ್ರೀ'. ಚಾನೆಲ್‌ಗೆ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆದರೆ ಜಾಹೀರಾತಿನ ಪಾಲು ಚಾನೆಲ್ಲಿನವರಿಗೆ ಸಿಗುವ ದಾರಿ ತೆರೆಯುತ್ತದೆ. ಅಷ್ಟು ಆಗದಿದ್ದರೂ ಕಂಪನಿ ಜಾಹೀರಾತು ಹಾಕಬಹುದು. ಆಗ ದುಡ್ಡು ಕಂಪನಿಗೆ. ಎರಡೂ ಲೆಕ್ಕದಲ್ಲಿ ರಾತ್ರಿಯಿಡೀ ಗಂಟಲು ಹರಿದುಕೊಂಡ ಭಾಗವತರಿಗೆ ಬರುವುದೇನು? ಅವರು ಬದುಕುವುದು ಆ ರಾತ್ರಿಯ ಸಂಭಾವನೆಯ ಮೇಲೆ.

ಕಾನೂನೂ ಕಲಾವಿದರ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 38ಎ ಕಲಮಿನ ಪ್ರಕಾರ, ತನ್ನ ಪ್ರದರ್ಶನವನ್ನು ಮುದ್ರಿಸುವ, ಸಾರ್ವಜನಿಕರಿಗೆ ತಲುಪಿಸುವ ಹಕ್ಕು ಪ್ರದರ್ಶನ ಕೊಟ್ಟವರದು. ಈ ಹಕ್ಕು 50 ವರ್ಷ ಇರುತ್ತದೆ. 38ಬಿ ಪ್ರಕಾರ ತನ್ನ ಹೆಸರು ಹೇಳಿ ಎಂದು ಕೇಳುವ, ತನ್ನ ಮಾನಕ್ಕೆ ಕುಂದಾಗುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕೂ ಅವರಿಗಿದೆ. ನಿಮ್ಮ ಸ್ವಂತ ಕೇಳುವಿಕೆಗೆ, ಪಾಠಕ್ಕೆ ಮುದ್ರಿಸಿಕೊಂಡರೆ ತಪ್ಪಿಲ್ಲ. ಜಗತ್ತಿಗೆ ಹಾಕುವಾಗ ಕೇಳಬೇಕು.

ಸಿದ್ದಿಗಳ ಡಮಾಮಿಯ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಆ ಬಡಿತವನ್ನು ಯಾರಾದರೂ ಮುದ್ರಿಸಿಕೊಂಡು ಹೋಗಿ, ಎಂಟು ಸೆಕೆಂಡು ಕತ್ತರಿಸಿ, ಅದನ್ನೇ ಸುತ್ತಿ ಸುತ್ತಿ ಟೆಕ್ನೊ ಮಾಡುವುದು ಇವತ್ತು ಒಂದು ಮಧ್ಯಾಹ್ನದ ಕೆಲಸ. ಡಮಾಮಿಯ ತಾಳ ಒಬ್ಬರ ಆಸ್ತಿಯಲ್ಲ, ಹಾಗಾಗಿ ಒಬ್ಬರ ಸಹಿ ಸಾಲದು. ಬಾರಿಸಿದವರನ್ನೂ ಕೇಳಬೇಕು, ಕೇರಿಯ ಹಿರಿಯರನ್ನೂ ಕೇಳಬೇಕು. ಅವರು ಬೇಡ ಎಂದರೆ ಅಲ್ಲಿಗೆ ಮುಗಿಯಿತು.

"ಹಾಗಾದರೆ ಏನೂ ಹಂಚೋದೇ ಬೇಡ್ವಾ?"

ಬೇಕು. ಕಲಾವಿದರು ತೀರಿಕೊಂಡ ಮೇಲೆ ಹುಡುಕಿದರೆ ಏನೂ ಸಿಗುವುದಿಲ್ಲ. ಕ್ಯಾಸೆಟ್ಟಿಗೆ ಮಲೆನಾಡಿನ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಕ್ರಮವಾಗಿ ಕೊಟ್ಟವರು ನಮ್ಮಲ್ಲೂ ಇದ್ದಾರೆ. ಯಕ್ಷವಾಹಿನಿ ಪ್ರತಿಷ್ಠಾನದವರು ಯಕ್ಷಗಾನದ ಪ್ರಸಂಗ ಪ್ರತಿಗಳನ್ನು ಸಂಗ್ರಹಿಸಿ, ಬೇಕಾದವರು ಪುಕ್ಕಟೆ ಇಳಿಸಿಕೊಳ್ಳುವಂತೆ ಇಟ್ಟಿದ್ದಾರೆ. ಅಕ್ಷರಕ್ಕೆ ಆಗಿದ್ದು ದನಿಗೂ ಆಗಬೇಕು.

"ಪುಕ್ಕಟೆ ಕೊಟ್ಟರೆ ಆಟಕ್ಕೆ ಜನ ಬರುತ್ತಾರಾ?" ಎನ್ನುವವರೂ ಇದ್ದಾರೆ. ಈ ಭಯವನ್ನು ತಳ್ಳಿಹಾಕುವ ಹಾಗಿಲ್ಲ. ನೆಟ್‌ಲೇಬಲ್ಲಿನಲ್ಲಿ ಹಾಡು ಕೊಟ್ಟವರು ಅದರಿಂದ ಮನೆ ಕಟ್ಟಲಿಲ್ಲ. ಅವರ ಊಟಕ್ಕೆ ಬೇರೆ ಕೆಲಸವಿತ್ತು, ಇಲ್ಲವೇ ಕಾರ್ಯಕ್ರಮದ ಸಂಭಾವನೆ ಇತ್ತು. ಆದ್ದರಿಂದ ಎಲ್ಲವನ್ನೂ ಕೊಡಿ ಎಂದು ಕಲಾವಿದರನ್ನು ಕೇಳುವುದು ಅನ್ಯಾಯ. ತಿರುಗಾಟದಲ್ಲಿ ಒಂದು ರಾತ್ರಿ ಕೊಡಲಿ, ಒಂದು ತಾಳಮದ್ದಲೆ ಕೂಟ ಕೊಡಲಿ. ಯಾವುದು ಎಂದು ಆರಿಸುವವರು ಅವರೇ. ಇನ್ನೊಂದು ಮಾತು ಅವರಿಗೆ ಮೊದಲೇ ಹೇಳಬೇಕು: ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಒಮ್ಮೆ ಕೊಟ್ಟರೆ, ಪಡೆದವರಿಂದ ವಾಪಸ್ ಕೇಳಲು ಬರುವುದಿಲ್ಲ.

ಆಟ ಆಡಿಸುವವರಿಗೆ ನಮ್ಮ ಒತ್ತಾಯ

ಈ ತಿರುಗಾಟದಿಂದಲೇ ಶುರುಮಾಡಿ. ವೀಳ್ಯ ಕೊಡುವಾಗಲೇ ಕೇಳಿ: ಮುದ್ರಿಸಬಹುದಾ, ಹಂಚಬಹುದಾ, ಮಾರಬಹುದಾ? ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಹಿಮ್ಮೇಳ, ಮುಮ್ಮೇಳದ ಎಲ್ಲರ ಸಹಿ ಹಾಕಿಸಿ. ಒಪ್ಪಿಗೆ ಇಲ್ಲದಿದ್ದರೆ ಆಟ ಶುರುವಾಗುವ ಮೊದಲು ಮೈಕಿನಲ್ಲಿ ಹೇಳಿ. ಒಪ್ಪಿಗೆ ಇದ್ದರೆ ಒಬ್ಬರೇ ಸರಿಯಾಗಿ ಮುದ್ರಿಸಿ, ಎಲ್ಲರ ಹೆಸರು, ಊರು, ತಾರೀಕು ಬರೆದು ಇಂಟರ್ನೆಟ್ ಆರ್ಕೈವ್‌ಗೆ ಹಾಕಿ.

ಅಲ್ಲಿಗೇ ಬಿಡಬೇಡಿ. 2017ರ ಆಗಸ್ಟಿನಲ್ಲಿ ಆ ತಾಣವನ್ನೇ ಭಾರತದಲ್ಲಿ ಸ್ವಲ್ಪ ದಿನ ತಡೆಹಿಡಿದಿದ್ದರು. ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಒಂದು ಪ್ರತಿ ಇರಲಿ. ಸಾಧಾರಣ ಗುಣಮಟ್ಟದ ಎಂಪಿ3 ಒಂದು ಗಂಟೆಗೆ ಸುಮಾರು 58 ಎಂಬಿ. ಎಂಟು ತಾಸಿನ ಆಟಕ್ಕೆ 460 ಎಂಬಿ. ಅಂದರೆ 32 ಜಿಬಿಯ ಒಂದು ಮೆಮೊರಿ ಕಾರ್ಡಿನಲ್ಲಿ 60 ರಾತ್ರಿಯ ಆಟ ಹಿಡಿಯುತ್ತದೆ. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಊರಿನವರಿಗೆ ಇದಕ್ಕಿಂತ ಒಳ್ಳೆಯ ಲೇಬಲ್ ಬೇಕಾ?

ಮುಂದಿನ ಸಲ ಯಾರಾದರೂ ಪದ್ಯ ಕಳಿಸಿದರೆ, ಮುಂದಕ್ಕೆ ದೂಡುವ ಮೊದಲು ಅವರಿಗೆ ಎರಡು ಪ್ರಶ್ನೆ ಕೇಳಿ. ಹಾಡಿದ್ದು ಯಾರು? ಅವರನ್ನು ಕೇಳಿದ್ದೀರಾ?