ದನವೋ ಧನವೋ? – ಗಣಕಯಂತ್ರದ ಧ್ವನಿಯಲ್ಲಿ ಗೊಂದಲವೇಕೆ?

ತಳಿಯ ಕಡೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ಕಳೆದ ತಿಂಗಳು ದೂರವಾಣಿ ಮಾಡಿದ್ದರು. ಎಂಟನೆಯ ತರಗತಿಯಲ್ಲಿ ಓದುವ ಅವರ ಮಗಳು ಕನ್ನಡ ಗದ್ಯವಾಚನವನ್ನು ಮನೆಯ ಗಣಕಯಂತ್ರದಲ್ಲಿ ಧ್ವನಿಮುದ್ರಿಸಿ ಸ್ಪರ್ಧೆಯೊಂದಕ್ಕೆ ಕಳುಹಿಸಿದ್ದಳು. ಉಚ್ಚಾರ ಅಸ್ಪಷ್ಟ, ಮಹಾಪ್ರಾಣಗಳು ಕೇಳುವುದಿಲ್ಲ ಎಂಬ ಉತ್ತರ ಬಂತಂತೆ. "ಸಾರ್, ಮನೆಯಲ್ಲಿ ಚೆನ್ನಾಗಿಯೇ ಓದುತ್ತಿದ್ದಳು. ಈಗ ಓದಮ್ಮಾ ಎಂದರೆ ಬಾಯಿಯನ್ನೇ ತೆರೆಯುವುದಿಲ್ಲ" ಎಂದು ಅವರು ನೊಂದು ನುಡಿದರು.

ಆ ಧ್ವನಿಮುದ್ರಣವನ್ನು ಕೇಳಿ ನೋಡಿದೆ. ಮಗುವಿನ ನಾಲಿಗೆಯಲ್ಲಿ ದೋಷವಿರಲಿಲ್ಲ. ಅವಳ ದನಿಯ ಕೆಳಗೆ ಜೇನ್ನೊಣಗಳ ಗೂಡಿನಂತೆ ಒಂದು ಗುಂಯ್‌ಕಾರ, ಮೇಲೆ ಜಡಿಮಳೆಯಂತೆ ಒಂದು ಸುಯ್‌ಕಾರ. ಇವೆರಡರ ನಡುವೆ ದನವೂ ಧನವೂ ಒಂದೇ ಆಗಿ ಹೋಗಿದ್ದವು.

ಇದು ನಮ್ಮ ಮಕ್ಕಳ ಪಾಲಿಗೆ ಸಣ್ಣ ಸಂಗತಿಯಲ್ಲ. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು ಭಾಗದ ಕನ್ನಡ ಶಾಲೆಯ ಮಕ್ಕಳು ದಿನವೂ ಎರಡು ಲಿಪಿಗಳ ನಡುವೆ ಬೆಳೆಯುತ್ತಾರೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ; ಅದು ಆ ಭಾಷೆಯ ಸಹಜ ವ್ಯವಸ್ಥೆ. ಕನ್ನಡದ ಈ ಭೇದಗಳನ್ನು ನಮ್ಮ ಮಕ್ಕಳು ಕಿವಿಯಿಂದಲೇ ಕಲಿಯಬೇಕು. ಮಹಾಪ್ರಾಣವೆಂದರೆ ವ್ಯಂಜನದ ಬೆನ್ನಿಗೇ ಬರುವ ಒಂದು ಸಣ್ಣ ಉಸಿರು. ಶಕಾರ, ಸಕಾರಗಳೂ ಉಸಿರಿನ ಘರ್ಷಣೆಯಿಂದಲೇ ಹುಟ್ಟುವ ಧ್ವನಿಗಳು. ಅವುಗಳ ಬಲವೆಲ್ಲ ಎತ್ತರದ ಸ್ವರಗಳಲ್ಲಿರುತ್ತದೆ. ಯಂತ್ರದ ಸುಯ್‌ಕಾರ ಮೊದಲು ನುಂಗುವುದು ಇವನ್ನೇ. ಆದುದರಿಂದ ಈ ವಾರ ಗಣಕಯಂತ್ರದ ಧ್ವನಿದೋಷವನ್ನು ಮನೆಯಲ್ಲಿಯೇ ಪತ್ತೆಹಚ್ಚುವ ಬಗೆಯನ್ನು ವಿವರಿಸುತ್ತೇನೆ.

ಮೊದಲು ಸದ್ದನ್ನು ಗುರುತಿಸಿ

ವೈದ್ಯರು ನಾಡಿ ಹಿಡಿದ ಮೇಲೆ ಔಷಧಿ ಕೊಡುತ್ತಾರೆ. ಇಲ್ಲಿಯೂ ಹಾಗೆಯೇ, ಸದ್ದಿನ ಬಗೆಯೇ ಕಾರಣದ ಅರ್ಧವನ್ನು ಹೇಳಿಬಿಡುತ್ತದೆ.

ಒಂದೇ ಸಮನೆ ಕೇಳುವ ತಗ್ಗಿದ ಗುಂಯ್‌ಕಾರವಾದರೆ ಅದು ಮನೆಯ ವಿದ್ಯುತ್ತಿನದು. ನಮ್ಮ ದೇಶದ ವಿದ್ಯುತ್ತು 230 ವೋಲ್ಟ್, ಸೆಕೆಂಡಿಗೆ 50 ಆವರ್ತನ. ಆ 50 ಅಥವಾ ಅದರ ಇಮ್ಮಡಿಯಾದ 100 ಹರ್ಟ್ಸಿನ ಸದ್ದು ನೆಲತಂತಿಯ ದೋಷದಿಂದ ಒಳನುಗ್ಗುತ್ತದೆ. ಮೌಸನ್ನು ಸರಿಸಿದಾಗ, ಪರದೆಯ ಪುಟ ಉರುಳಿದಾಗ ಏರಿಳಿಯುವ ಕೀರಲು ಸದ್ದಾದರೆ ಅದು ಯಂತ್ರದ ಒಳಗಿನ ಮಂಡಲಗಳದು. ಬರಿಯ ಸುಯ್‌ಕಾರವಾದರೆ ಧ್ವನಿಯನ್ನು ಎಲ್ಲಿಯೋ ಮಿತಿಮೀರಿ ಹಿಗ್ಗಿಸಲಾಗಿದೆ ಎಂದರ್ಥ. ಚಟಪಟ ಸದ್ದಿಗೆ ಸಡಿಲವಾದ ಜೋಡಣೆ ಅಥವಾ ಹತ್ತಿರದ ಸ್ವಿಚ್ಚು, ಮೋಟಾರುಗಳ ಕಿಡಿ ಕಾರಣ. ಆಗಾಗ "ಟಿಟಿಟಿ–ಟಿರ್ರ್" ಎಂದು ಮಿಡಿಯುವ ಸದ್ದು ಪಕ್ಕದಲ್ಲಿಟ್ಟ ಮೊಬೈಲಿನದು. ಹಳೆಯ ಜಿಎಸ್‌ಎಂ ಪದ್ಧತಿಯ ಮೊಬೈಲು ಸೆಕೆಂಡಿಗೆ ಸುಮಾರು 217 ಬಾರಿ ತನ್ನ ಸಂಕೇತವನ್ನು ಮಿಡಿಸುವುದರಿಂದ ಆ ಸದ್ದು. ಮೊಬೈಲನ್ನು ಎರಡು ಮಾರು ದೂರವಿಟ್ಟರೆ ಅದು ನಿಲ್ಲುತ್ತದೆ.

ಮೂರು ಪರೀಕ್ಷೆಗಳು

ಒಂದನೆಯದು: ಸ್ಪೀಕರಿನ ತಂತಿಯನ್ನು ಗಣಕಯಂತ್ರದಿಂದ ಕಿತ್ತು, ಬ್ಯಾಟರಿಯಿಂದ ನಡೆಯುತ್ತಿರುವ ಮೊಬೈಲಿಗೆ ಸಿಕ್ಕಿಸಿ ಹಾಡೊಂದನ್ನು ನುಡಿಸಿ. ಆಗಲೂ ಸದ್ದು ಉಳಿದರೆ ದೋಷ ಸ್ಪೀಕರಿನಲ್ಲಿ, ಅದರ ತಂತಿಯಲ್ಲಿ ಅಥವಾ ಅದಕ್ಕೆ ವಿದ್ಯುತ್ತು ಕೊಡುವ ಅಡಾಪ್ಟರಿನಲ್ಲಿದೆ.

ಎರಡನೆಯದು: ಮೊಬೈಲಿನಲ್ಲಿ ಸ್ಪೀಕರು ಶುದ್ಧವಾಗಿ ನುಡಿದರೆ, ಗಣಕಯಂತ್ರದ ಹಿಂಬದಿಯ ಹಸಿರು ಬಣ್ಣದ ತೂತಿಗೆ ಹೆಡ್‌ಫೋನನ್ನು ಸಿಕ್ಕಿಸಿ ಕೇಳಿ. ಅಲ್ಲಿಯೂ ಸದ್ದಿದ್ದರೆ ದೋಷ ಯಂತ್ರದ ಒಳಗಿನದು. ಮುಂಬದಿಯ ತೂತಿಗಿಂತ ಹಿಂಬದಿಯದು ಸಾಮಾನ್ಯವಾಗಿ ಉತ್ತಮ. ಮುಂಬದಿಯದರ ತಂತಿ ಪೆಟ್ಟಿಗೆಯೊಳಗೆ ಉದ್ದಕ್ಕೂ ಹಾದುಬರುವಾಗ ಅಲ್ಲಿನ ಗೊಂದಲವನ್ನೆಲ್ಲ ಹೊತ್ತು ತರುತ್ತದೆ. ಅಷ್ಟಕ್ಕೂ ನಿಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡೊಂದು ಸಾಕು. ಧ್ವನಿಯ ಕೆಲಸ ಪೆಟ್ಟಿಗೆಯಿಂದ ಹೊರಗೆ ಬಂದುಬಿಡುತ್ತದೆ.

ಮೂರನೆಯದು: ಮೊಬೈಲಿನಲ್ಲಿ ಸ್ಪೀಕರು ಶುದ್ಧ, ಗಣಕಯಂತ್ರದಲ್ಲಿ ಹೆಡ್‌ಫೋನು ಶುದ್ಧ, ಆದರೆ ಎರಡನ್ನೂ ಜೋಡಿಸಿದೊಡನೆ ಗುಂಯ್‌ಕಾರ – ಇದು ನೆಲತಂತಿಯ ಸುತ್ತು. ಎರಡು ಕೆರೆಗಳನ್ನು ಕಾಲುವೆಯೊಂದು ಕೂಡಿಸುತ್ತದೆ ಎಂದು ಊಹಿಸಿಕೊಳ್ಳಿ. ನೀರಿನ ಮಟ್ಟ ಎರಡರಲ್ಲಿಯೂ ಸಮನಾಗಿದ್ದರೆ ಕಾಲುವೆ ನಿಶ್ಚಲ. ಒಂದಿಷ್ಟು ವ್ಯತ್ಯಾಸವಿದ್ದರೂ ಹರಿವು. ಗಣಕಯಂತ್ರ ಒಂದು ಗೋಡೆಯ ನೆಲತಂತಿಗೂ, ಸ್ಪೀಕರು ಇನ್ನೊಂದು ಗೋಡೆಯ ನೆಲತಂತಿಗೂ ಸೇರಿದ್ದರೆ ಧ್ವನಿಯ ತಂತಿಯೇ ಆ ಕಾಲುವೆಯಾಗುತ್ತದೆ. ಎರಡು ಪ್ಲಗ್ಗುಗಳನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಹಾಕುವುದು ಮೊದಲ ಪರಿಹಾರ. ಕೇಬಲ್ ಟಿ.ವಿ., ಪ್ರಿಂಟರುಗಳ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡುವುದು ಎರಡನೆಯದು. ಕೊನೆಯದಾಗಿ, ಸಣ್ಣ ಟ್ರಾನ್ಸ್‌ಫಾರ್ಮರುಳ್ಳ ಐಸೊಲೇಟರನ್ನು ಧ್ವನಿತಂತಿಯ ನಡುವೆ ಜೋಡಿಸಬಹುದು.

ಮಾಡಬಾರದ ತಪ್ಪು

ಮೂರು ಕಾಲಿನ ಪ್ಲಗ್ಗಿನ ದಪ್ಪನೆಯ ಕಾಲನ್ನು ಮುರಿದುಬಿಟ್ಟರೆ ಗುಂಯ್‌ಕಾರ ನಿಲ್ಲುತ್ತದೆ ಎಂದು ಕೆಲವರು ಸಲಹೆ ಕೊಡುವುದುಂಟು. ಕೆಲವೊಮ್ಮೆ ನಿಲ್ಲುವುದೂ ನಿಜ. ಆದರೆ ಆ ಕಾಲು ಪ್ರಾಣರಕ್ಷಕ. ಅದನ್ನು ಎಂದಿಗೂ ಮುರಿಯಬಾರದು. ಎರಡು ಕಾಲಿನ ಪ್ಲಗ್ಗಿಗೆ ಬದಲಾಯಿಸಲೂಬಾರದು.

ಕಾರಣ ಹೀಗಿದೆ. ಗಣಕಯಂತ್ರಕ್ಕೆ ವಿದ್ಯುತ್ತು ಕೊಡುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯಲ್ಲಿ ಗೊಂದಲವನ್ನು ಸೋಸಿ ನೆಲಕ್ಕೆ ಕಳುಹಿಸುವ ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಒಂದು ಫೇಸ್ ತಂತಿಯಿಂದ, ಇನ್ನೊಂದು ನ್ಯೂಟ್ರಲ್ ತಂತಿಯಿಂದ ಬಂದು ಲೋಹದ ಹೊರಕವಚಕ್ಕೆ ಸೇರುತ್ತವೆ. ನೆಲತಂತಿ ಸರಿಯಾಗಿದ್ದರೆ ಆ ಗೊಂದಲ ಭೂಮಿಗೆ ಇಳಿಯುತ್ತದೆ. ನೆಲತಂತಿಯೇ ಇಲ್ಲದಿದ್ದರೆ ಕವಚವು 230 ವೋಲ್ಟಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಅದರಿಂದ ಹರಿಯುವ ವಿದ್ಯುತ್ತು ಅತ್ಯಲ್ಪವಾದುದರಿಂದ ಕೈಗೆ ಜುಮ್ಮೆನ್ನುವುದಷ್ಟೇ. ಆದರೆ ಎಂದಾದರೊಂದು ದಿನ ಒಳಗಿನ ಫೇಸ್ ತಂತಿಯೇ ಕವಚಕ್ಕೆ ತಗುಲಿದರೆ ಪೂರ್ಣ 230 ವೋಲ್ಟ್ ಅಲ್ಲಿ ನಿಂತಿರುತ್ತದೆ. ಅದು ನೆಲಕ್ಕಿಳಿಯುವ ದಾರಿ ಬರಿಗಾಲಿನಲ್ಲಿ ನಿಂತ ಮಗುವಿನ ಮೈಯೇ ಆಗುತ್ತದೆ.

ಆ ತಾಯಿಯನ್ನು ನಾನು ಕೇಳಿದ ಮೊದಲ ಪ್ರಶ್ನೆಯೂ ಇದೇ: "ಏನಮ್ಮಾ, ಪೆಟ್ಟಿಗೆಯನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ?" "ಹೌದು ಸಾರ್, ಮೊದಲಿನಿಂದಲೂ ಇದೆ. ಕರೆಂಟಿನ ಸಾಮಾನೆಂದರೆ ಹಾಗೆಯೇ ಎಂದುಕೊಂಡಿದ್ದೆವು" ಎಂದರು. ಯಂತ್ರವನ್ನು ಕೂಡಲೇ ಆರಿಸಿ, ಪ್ಲಗ್ಗನ್ನು ಕಿತ್ತಿಡಲು ಹೇಳಿದೆ. ಮರುದಿನ ಪರವಾನಗಿಯುಳ್ಳ ವೈರ್‌ಮನ್ ಒಬ್ಬರು ಬಂದು ಸ್ವಿಚ್‌ಬೋರ್ಡನ್ನು ಬಿಚ್ಚಿದರು. ಮೂರನೆಯ ತೂತಿಗೆ ತಂತಿಯನ್ನೇ ಜೋಡಿಸಿರಲಿಲ್ಲ. ಹಸಿರು ತಂತಿ ಗೋಡೆಯೊಳಗೆ ಸುತ್ತಿಕೊಂಡು ಹಾಗೆಯೇ ಬಿದ್ದಿತ್ತು.

ಕೃಷ್ಣಗಿರಿ ಜಿಲ್ಲೆಯಲ್ಲಿ ಇನ್ನೊಂದು ಮಾತನ್ನೂ ನೆನಪಿಡಬೇಕು. ನಮ್ಮದು ಗ್ರಾನೈಟಿಗೆ ಹೆಸರಾದ ನೆಲ. ಬಂಡೆಯ ಮೇಲಿನ ತೆಳುಮಣ್ಣು ಬೇಸಗೆಯಲ್ಲಿ ಒಣಗಿದರೆ ವಿದ್ಯುತ್ತನ್ನು ಒಳಗೊಳ್ಳುವುದಿಲ್ಲ. ತಂತಿ ಸರಿಯಿದ್ದರೂ ಅರ್ಥಿಂಗ್ ಗುಂಡಿ ಒಣಗಿದ್ದರೆ ಪ್ರಯೋಜನವಿಲ್ಲ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಗೆಯಲ್ಲಿ ಆಗಾಗ ನೀರು ಹೊಯ್ಯುವ ಹಿರಿಯರ ರೂಢಿ ವಿಜ್ಞಾನಸಮ್ಮತವಾದುದು. ಹೊಸದಾಗಿ ವೈರಿಂಗ್ ಮಾಡಿಸುವವರು 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿಕೊಳ್ಳಲಿ. ಮೈಯ ಮೂಲಕ ವಿದ್ಯುತ್ತು ಸೋರಿದರೆ ಅದು ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ.

ಹೊರಗಿನ ಗೊಂದಲ

ಗೊಂದಲ ಗಾಳಿಯಲ್ಲಿಯೂ ಬರುತ್ತದೆ. ತೋಟದ ಕೊಳವೆಬಾವಿಯ ಸ್ಟಾರ್ಟರು, ಫ್ಯಾನಿನ ರೆಗ್ಯುಲೇಟರು, ಅಗ್ಗದ ಎಲ್‌ಇಡಿ ದೀಪ – ಯಾವುದೂ ಆಗಬಹುದು. ಅದನ್ನು ಹುಡುಕಲು ಮನೆಯಲ್ಲಿರುವ ಹಳೆಯ ಟ್ರಾನ್ಸಿಸ್ಟರೇ ಸಾಕು. ಬೆಂಗಳೂರು ಆಕಾಶವಾಣಿಯನ್ನು 612 ಕಿಲೋಹರ್ಟ್ಸಿನಲ್ಲಿ ಕೇಳುತ್ತ ಬೆಳೆದ ಹಿರಿಯರಿಗೆ ಮಧ್ಯಮ ತರಂಗದ ಗೊರಗೊರ ಚೆನ್ನಾಗಿ ಗೊತ್ತು. ಯಾವ ನಿಲಯವೂ ಇಲ್ಲದ ಎಡೆಗೆ ಮುಳ್ಳನ್ನು ಸರಿಸಿ, ರೇಡಿಯೊವನ್ನು ಕೈಯಲ್ಲಿ ಹಿಡಿದು ಮನೆಯಲ್ಲಿ ನಡೆದಾಡಿ. ಗೊರಗೊರ ಎಲ್ಲಿ ಹೆಚ್ಚುತ್ತದೆಯೋ ಅಲ್ಲಿಯೇ ಕಳ್ಳನಿದ್ದಾನೆ. ಆ ದೀಪವನ್ನೋ ರೆಗ್ಯುಲೇಟರನ್ನೋ ಆರಿಸಿ ಖಚಿತಪಡಿಸಿಕೊಳ್ಳಿ.

ಕರೆಂಟು ಹೋಗಿ ಇನ್ವರ್ಟರು ನಡೆಯುವಾಗ ಮಾತ್ರ ಗುಂಯ್‌ಕಾರ ಕೇಳಿದರೆ ಅದರ ವಿದ್ಯುತ್ತು ಚೌಕತರಂಗದ್ದಾಗಿರಬೇಕು. ಚೌಕತರಂಗದಲ್ಲಿ 50ರೊಡನೆ 150, 250, 350 ಹರ್ಟ್ಸಿನ ಸದ್ದುಗಳೂ ಸೇರಿರುತ್ತವೆ. ಹೊಸದನ್ನು ಕೊಳ್ಳುವಾಗ ಸೈನ್ ತರಂಗದ ಇನ್ವರ್ಟರನ್ನೇ ಕೇಳಿ ಪಡೆಯುವುದು ಲೇಸು. ಧ್ವನಿಯ ತಂತಿ ಮತ್ತು ವಿದ್ಯುತ್ ತಂತಿಗಳನ್ನು ಒಟ್ಟಾಗಿ ಸುತ್ತಿಡಬೇಡಿ. ದಾಟಲೇಬೇಕಾದರೆ ಒಂದನ್ನೊಂದು ಅಡ್ಡಲಾಗಿ ದಾಟಲಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡುವುದನ್ನು ಮರೆಯಬೇಡಿ.

ಧ್ವನಿಮುದ್ರಿಸುವವರಿಗೆ

ಮೈಕಿನ ತೂತು ಗುಲಾಬಿ ಬಣ್ಣದ್ದು. ಗಣಕಯಂತ್ರದ ಧ್ವನಿ ವಿಭಾಗದಲ್ಲಿ ಮೈಕ್ ಬೂಸ್ಟ್ ಎಂಬ ಆಯ್ಕೆಯಿದೆ. ಅದನ್ನು 20 ಡೆಸಿಬೆಲ್ ಏರಿಸಿದರೆ ಸಂಕೇತ ಹತ್ತುಪಟ್ಟು ಹಿಗ್ಗುತ್ತದೆ. ದನಿಯೊಡನೆ ಸುಯ್‌ಕಾರವೂ ಅಷ್ಟೇ ಹಿಗ್ಗುತ್ತದೆ. ಬೂಸ್ಟನ್ನು ತಗ್ಗಿಸಿ, ಮೈಕನ್ನು ಬಾಯಿಯ ಓರೆಗೆ ಒಂದು ಗೇಣಿನಷ್ಟು ಹತ್ತಿರಕ್ಕೆ ತನ್ನಿ. ಸ್ಪೀಕರಿನಲ್ಲಿ ಕೇಳುವಾಗಲೂ ಇದೇ ನ್ಯಾಯ: ಗಣಕಯಂತ್ರದ ಧ್ವನಿಯನ್ನು ಮುಕ್ಕಾಲಿಗೂ ಮೇಲಿರಿಸಿ, ಸ್ಪೀಕರಿನ ಗುಂಡಿಯನ್ನು ಬೇಕಾದಷ್ಟಕ್ಕೆ ತಗ್ಗಿಸಿ. ಗುಂಡಿ ತಿರುಗಿಸುವಾಗ ಚಟಪಟ ಎಂದರೆ ಒಳಗೆ ಧೂಳು ಕೂತಿದೆ. ಸ್ಪೀಕರನ್ನು ಆರಿಸಿ ಗುಂಡಿಯನ್ನು ಹತ್ತಾರು ಬಾರಿ ಹಿಂದಕ್ಕೂ ಮುಂದಕ್ಕೂ ತಿರುಗಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ತಳಿಯ ಆ ಮನೆಯಲ್ಲಿ ನೆಲತಂತಿ ಜೋಡಿಸಿದ ಮೇಲೆ ಗುಂಯ್‌ಕಾರ ನಿಂತಿತು. ತುಟ್ಟತುದಿಗೇರಿದ್ದ ಬೂಸ್ಟನ್ನು ಇಳಿಸಿದ ಮೇಲೆ ಸುಯ್‌ಕಾರವೂ ಅಡಗಿತು. ಹುಡುಗಿಗೆ ಅವಳ ಹಳೆಯ ಧ್ವನಿಮುದ್ರಣವನ್ನೂ ಹೊಸದನ್ನೂ ಒಂದರ ಮೇಲೊಂದು ಕೇಳಿಸಬೇಕೆಂದು ತಾಯಿಗೆ ಹೇಳಿದ್ದೆ. ಎರಡು ದಿನಗಳ ಬಳಿಕ ಆ ಮಗುವೇ ದೂರವಾಣಿಯಲ್ಲಿ ಮಾತನಾಡಿತು: "ಸಾರ್, ಧನ ಕೇಳಿಸುತ್ತದೆ. ಅದು ನನ್ನ ತಪ್ಪಲ್ಲ, ಅಲ್ಲವೇ?"

ಅಲ್ಲ, ಮಗೂ. ಮಗುವಿನ ಕನ್ನಡ ಸರಿಯಿಲ್ಲವೆಂದು ತೀರ್ಮಾನಿಸುವ ಮುನ್ನ ತಂತಿ ಸರಿಯಿದೆಯೇ ಎಂದು ನೋಡುವುದು ಹಿರಿಯರಾದ ನಮ್ಮ ಕರ್ತವ್ಯ. ಈ ಭಾನುವಾರ ವಾಚಕರು ತಮ್ಮ ಮನೆಯ ಸ್ವಿಚ್‌ಬೋರ್ಡಿನ ಮೂರನೆಯ ತೂತನ್ನು ಬಲ್ಲವರಿಂದ ಪರೀಕ್ಷಿಸಿಕೊಳ್ಳಲಿ ಎಂದು ವಿನಂತಿ.